ಮನೆಗೆ ಒತ್ತಿಕೊಂಡ ಓಕ್ ಮರ: ಉಳಿಸುವುದೋ, ಉರುಳಿಸುವುದೋ, ತುಂಡು ತುಂಡಾಗಿ ಇಳಿಸುವುದೋ

ಅಮೆರಿಕದ ಪೂರ್ವ ಭಾಗದ ಹಳೇ ಬಡಾವಣೆಗಳಲ್ಲಿ ಮನೆ ಕೊಂಡರೆ ಓಕ್ ಮರವೂ ಜೊತೆಗೇ ಬರುತ್ತದೆ. ನ್ಯೂಜೆರ್ಸಿ, ವರ್ಜೀನಿಯಾ, ನಾರ್ತ್ ಕ್ಯಾರೊಲಿನಾ ಕಡೆ ಹಿತ್ತಿಲಲ್ಲಿ 70-80 ಅಡಿಯ ಕೆಂಪು ಓಕೋ ಬಿಳಿ ಓಕೋ ನಿಂತಿರುವುದು ಮಾಮೂಲು. ಟೆಕ್ಸಸ್‌ನಲ್ಲಾದರೆ ಅಷ್ಟು ಎತ್ತರವಿಲ್ಲದ, ಅಗಲಕ್ಕೆ ಹರಡಿಕೊಂಡ ಲೈವ್ ಓಕ್. ಮನೆ ನೋಡಲು ಹೋದ ದಿನ "ಎಷ್ಟು ಚೆನ್ನಾಗಿ ನೆರಳಿದೆ" ಅನಿಸಿದ ಮರವೇ ಮೊದಲ ಬಿರುಗಾಳಿಯ ರಾತ್ರಿ ನಿದ್ದೆ ಕೆಡಿಸುತ್ತದೆ.

ಆಮೇಲೆ ಲೆಕ್ಕ ಶುರು. ಅಂಗಡಿಯಲ್ಲಿ ಪರವಾಗಿಲ್ಲ ಅನ್ನುವಂಥ ಚೈನ್‌ಸಾ 300-400 ಡಾಲರಿಗೆ ಸಿಗುತ್ತದೆ. ಮರ ತೆಗೆಯುವವರನ್ನು ಕರೆಸಿದರೆ ಮನೆ ಪಕ್ಕದ ದೊಡ್ಡ ಓಕ್‌ಗೆ 2,000ದಿಂದ 5,000 ಡಾಲರ್ ಹೇಳುವುದು ಸಾಮಾನ್ಯ. ಜಾಗ ಇಕ್ಕಟ್ಟಾಗಿದ್ದರೆ ಇನ್ನೂ ಜಾಸ್ತಿ. ಬೇಸಿಗೆಗೆ ಅಂತ ಊರಿಂದ ಬಂದಿರುವ ಮಾವನವರು ಇದನ್ನು ಕೇಳಿ ಸುಮ್ನಿರುವುದಿಲ್ಲ. "ನಮ್ಮ ತೋಟದಲ್ಲಿ ಇಬ್ಬರು ಆಳು ಬಂದ್ರೆ ಮಧ್ಯಾಹ್ನದೊಳಗೆ ಮುಗಿಸ್ತಾರಲ್ಲಪ್ಪ!"

ಅವರು ಹೇಳುವುದು ಸುಳ್ಳಲ್ಲ. ಆದರೆ ಚಿಕ್ಕಮಗಳೂರು, ಕೊಡಗಿನ ತೋಟದಲ್ಲಿ ಅವರು ನೋಡಿದ್ದು ಸಿಲ್ವರ್ ಓಕ್. ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಜಾತಿಯ ಮರ. ಕಂಬದ ಹಾಗೆ ನೆಟ್ಟಗೆ ಬೆಳೆಯುತ್ತದೆ, ಕೊಂಬೆಗಳು ಸಣ್ಣ, ಸುತ್ತ ಮನೆಯೂ ಇರುವುದಿಲ್ಲ. ಇಲ್ಲಿನ ಓಕ್‌ನ ಒಂದೊಂದು ಕೊಂಬೆಯೇ ಅಲ್ಲಿನ ಒಂದು ಮರದಷ್ಟಿರುತ್ತದೆ. ಕೆಳಗೆ ನಿಮ್ಮ ಛಾವಣಿ, ಪಕ್ಕದವರ ಬೇಲಿ, ಕರೆಂಟ್ ತಂತಿ, ಸೆಪ್ಟಿಕ್ ಟ್ಯಾಂಕು.

ಹಾಗಾಗಿ ಚೈನ್‌ಸಾ ಬೆಲೆಯನ್ನೂ ಮರ ತೆಗೆಯುವವರ ಕೊಟೇಶನ್ನನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ತಪ್ಪು ಹೋಲಿಕೆ. ಮರ ಎಲ್ಲಿ ಮಲಗಬಲ್ಲದು, ನೀವು ಅಂದುಕೊಂಡ ಕಡೆ ಮಲಗದಿದ್ದರೆ ಏನಾಗುತ್ತದೆ ಅನ್ನುವುದನ್ನು ಹೋಲಿಸಬೇಕು. ಅದು ಗೊತ್ತಾದರೆ ಎಲ್ಲಿ ದುಡ್ಡು ಕೊಡಬೇಕು, ಎಲ್ಲಿ ಉಳಿಸಬಹುದು ಅನ್ನುವುದೂ ಗೊತ್ತಾಗುತ್ತದೆ.

ಮೊದಲು, ತೆಗೆಯಲೇಬೇಕಾ?

ಗಟರ್ ತುಂಬ ಎಲೆ, ಕಾರಿನ ಮೇಲೆ ಟಪಟಪ ಬೀಳುವ ಓಕ್ ಕಾಯಿ. ಇವು ಮರ ತೆಗೆಯಲು ಕಾರಣವಲ್ಲ. ಕೆಲವು ವರ್ಷ ಓಕ್ ಮರಗಳೆಲ್ಲ ಒಟ್ಟಿಗೆ ಮಾತಾಡಿಕೊಂಡವರ ಹಾಗೆ ವಿಪರೀತ ಕಾಯಿ ಬಿಡುತ್ತವೆ. ಮುಂದಿನ ವರ್ಷ ಅಷ್ಟಿರುವುದಿಲ್ಲ.

ನಿಜವಾಗಿ ನೋಡಬೇಕಾದ್ದು ಬುಡವನ್ನು. ಬುಡದ ಸುತ್ತ, ಬೇರಿನ ಮೇಲೆ ಅಣಬೆ ಏಳುತ್ತಿದ್ದರೆ ಒಳಗೆ ಕೊಳೆತ ಶುರುವಾಗಿರಬಹುದು. ಕಾಂಡದಲ್ಲಿ ಉದ್ದುದ್ದ ಬಿರುಕು, ದೊಡ್ಡ ಪೊಟರೆ, ಎರಡು ಕಾಂಡ ಸೇರುವ ಕವಲಿನಲ್ಲಿ ತೊಗಟೆ ಒಳಗೆ ಸಿಕ್ಕಿಕೊಂಡಿರುವುದು, ನೆತ್ತಿಯಲ್ಲಿ ಒಣ ಕೊಂಬೆಗಳು ಹೆಚ್ಚುತ್ತಿರುವುದು, ಇವು ಗಮನಿಸಬೇಕಾದ ಗುರುತುಗಳು. ಪಕ್ಕದಲ್ಲಿ ಡ್ರೈವ್‌ವೇ ಹಾಕಿಸುವಾಗಲೋ ಪೈಪ್ ಎಳೆಸುವಾಗಲೋ ದೊಡ್ಡ ಬೇರು ಕಡಿದಿದ್ದರೆ ಅದರ ಪೆಟ್ಟು ಕಾಣಲು ಎಷ್ಟೋ ವರ್ಷ ಹಿಡಿಯುತ್ತದೆ.

ವಾಲಿದ ಮರವೆಲ್ಲ ಅಪಾಯದ್ದೇ ಅಂತಲ್ಲ. ಚಿಕ್ಕಂದಿನಿಂದಲೇ ವಾಲಿ ಬೆಳೆದ ಮರದ ತುದಿ ಮತ್ತೆ ಮೇಲಕ್ಕೆ ತಿರುಗಿರುತ್ತದೆ. ಅಂಥದ್ದು ನೂರು ವರ್ಷ ಹಾಗೇ ನಿಲ್ಲಬಹುದು. ಮೊನ್ನೆವರೆಗೆ ನೆಟ್ಟಗಿದ್ದದ್ದು ಈಗ ವಾಲಿದೆ, ಇನ್ನೊಂದು ಬದಿಯಲ್ಲಿ ಮಣ್ಣು ಉಬ್ಬಿ ಬಿರುಕು ಬಿಟ್ಟಿದೆ ಅಂದರೆ ಮಾತ್ರ ಅವತ್ತೇ ಫೋನ್ ಮಾಡಬೇಕು. ಆ ಕಡೆಯ ಕೋಣೆಯಲ್ಲಿ ಯಾರೂ ಮಲಗಬಾರದು.

ಮರ ಕಡಿಯುವವರನ್ನೇ "ಇದನ್ನು ಕಡಿಯಬೇಕಾ?" ಅಂತ ಕೇಳಿದರೆ ಉತ್ತರ ಏನು ಬರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಐಎಸ್‌ಎ ಅನ್ನುವ ಸಂಸ್ಥೆ ಪರೀಕ್ಷೆ ನಡೆಸಿ ಆರ್ಬರಿಸ್ಟ್‌ಗಳಿಗೆ, ಅಂದರೆ ಮರದ ಆರೈಕೆ ಬಲ್ಲ ತಜ್ಞರಿಗೆ, ಪ್ರಮಾಣಪತ್ರ ಕೊಡುತ್ತದೆ. ಅವರಲ್ಲೂ ಮರದ ಅಪಾಯ ಅಳೆಯುವುದಕ್ಕೆ ಟ್ರಾಕ್ ಎಂಬ ಬೇರೆ ಅರ್ಹತೆ ಪಡೆದವರಿರುತ್ತಾರೆ. ಕಡಿಯುವ ವ್ಯಾಪಾರ ಇಲ್ಲದ, ಸಲಹೆ ಮಾತ್ರ ಕೊಡುವ ಅಂಥವರೊಬ್ಬರನ್ನು ಫೀಸು ಕೊಟ್ಟು ಕರೆಸಿ. ಇಡೀ ಕೆಲಸದಲ್ಲಿ ಕಣ್ಣು ಮುಚ್ಚಿ ಖರ್ಚು ಮಾಡಬಹುದಾದ ದುಡ್ಡು ಅಂದರೆ ನನ್ನ ಪ್ರಕಾರ ಇದೇ.

ಅವರು "ಉಳಿಸಬಹುದು" ಅಂದರೆ ದಾರಿಗಳಿವೆ. ಒಣ ಕೊಂಬೆ ತೆಗೆಸುವುದು, ಛಾವಣಿಯ ಮೇಲೆ ಚಾಚಿದ್ದನ್ನು ಹಿಂದಕ್ಕೆ ಕತ್ತರಿಸುವುದು, ದುರ್ಬಲ ಕವಲಿಗೆ ಮೇಲೆ ಉಕ್ಕಿನ ಕೇಬಲ್ ಕಟ್ಟಿಸುವುದು. ಒಂದು ವರ್ಷದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಹಸಿರು ತೆಗೆಯಬಾರದು. ಯಾರಾದರೂ "ತಲೆ ಸವರಿಬಿಡೋಣ, ಗಿಡ್ಡ ಆಗುತ್ತೆ" ಅಂದರೆ ಅವರನ್ನು ಅಲ್ಲಿಂದಲೇ ಕಳಿಸಿಬಿಡಿ. ತಲೆ ಕಡಿದ ಓಕ್ ಅಲ್ಲಲ್ಲಿ ಕೊಳೆಯುತ್ತದೆ. ಅಲ್ಲೇ ಚಿಗುರಿದ ಹೊಸ ಕೊಂಬೆಗಳಿಗೆ ಗಟ್ಟಿ ಬುಡ ಇರುವುದಿಲ್ಲ. ಹತ್ತು ವರ್ಷದಲ್ಲಿ ಮೊದಲಿಗಿಂತ ಅಪಾಯದ ಮರ ನಿಮ್ಮದಾಗುತ್ತದೆ. ಉಳಿಸುವ ಮರಕ್ಕೆ ಕಾಲಿಗೆ ಮುಳ್ಳು ಕಟ್ಟಿಕೊಂಡು ಹತ್ತುವವರೂ ಬೇಡ. ಪ್ರತಿ ಹೆಜ್ಜೆಯೂ ಒಂದು ಗಾಯ.

ಮಲಗಲು ಜಾಗ ಇದೆಯಾ?

ತೆಗೆಯುವುದೇ ಸರಿ ಅಂತಾದರೆ ಮರದ ಎತ್ತರ ತಿಳಿಯಬೇಕು. ಸುಲಭ ಉಪಾಯ ಒಂದಿದೆ. ಕೈ ನೇರ ಚಾಚಿ. ಕಣ್ಣಿನಿಂದ ಮುಷ್ಟಿಗೆ ಎಷ್ಟು ದೂರವೋ ಅಷ್ಟೇ ಉದ್ದದ ಕೋಲನ್ನು ಮುಷ್ಟಿಯ ಮೇಲೆ ನೆಟ್ಟಗೆ ಬರುವಂತೆ ಹಿಡಿಯಿರಿ. ಕೋಲಿನ ತುದಿ ಮರದ ತುದಿಗೂ, ಮುಷ್ಟಿಯ ಮೇಲ್ಭಾಗ ಮರದ ಬುಡಕ್ಕೂ ಸರಿಯಾಗಿ ಕೂರುವವರೆಗೆ ಹಿಂದೆ ಹಿಂದೆ ಸರಿಯಿರಿ. ನೆಲ ಸಮವಾಗಿದ್ದರೆ ನೀವು ನಿಂತ ಜಾಗದಿಂದ ಬುಡಕ್ಕಿರುವ ದೂರವೇ ಹೆಚ್ಚುಕಡಿಮೆ ಮರದ ಎತ್ತರ. ಮನೆ ಆ ದೂರದೊಳಗೇ ಇದೆ ಅಂದರೆ ಮರ ಮನೆಯನ್ನು ಮುಟ್ಟಬಲ್ಲದು.

ಇನ್ನು ವಾಲು. ಕಾಂಡ ಯಾವ ಕಡೆ ವಾಲಿದೆ ಅಂತ ನೋಡಿದರೆ ಸಾಲದು. ತಲೆಯ ಭಾರ ಯಾವ ಕಡೆ ಇದೆ ಅನ್ನುವುದೂ ಮುಖ್ಯ. ಹಿತ್ತಿಲ ಅಂಚಿನ ಕಾಡಿನಲ್ಲಿ ನಿಂತ ಓಕ್ ಬೆಳಕು ಹುಡುಕಿಕೊಂಡು ಬಯಲಿನ ಕಡೆ ಕೊಂಬೆ ಚಾಚುತ್ತದೆ. ಆ ಬಯಲು ಯಾವುದು? ನಿಮ್ಮ ಹುಲ್ಲುಹಾಸು, ಅದರ ಆಚೆ ನಿಮ್ಮ ಮನೆ. ಕಾಂಡ ನೆಟ್ಟಗಿದ್ದರೂ ಭಾರವೆಲ್ಲ ಮನೆಯ ಕಡೆಗೇ ಇರುತ್ತದೆ. ಎರಡು ದಿಕ್ಕಿನಿಂದ, ಒಂದಕ್ಕೊಂದು ಅಡ್ಡವಾಗಿ ನಿಂತು ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ. ಎಲೆ ಉದುರಿದ ಮೇಲೆ ಇನ್ನೂ ಸ್ಪಷ್ಟ.

ಎದುರಿಗೆ ಮರದ ಎತ್ತರಕ್ಕಿಂತ ಉದ್ದದ ಖಾಲಿ ಜಾಗ, ಭಾರವೂ ಅದೇ ದಿಕ್ಕಿಗೆ, ಬುಡ ಗಟ್ಟಿ. ಈ ಮೂರೂ ಇದ್ದರೆ ಬುಡದಿಂದಲೇ ಉರುಳಿಸುವ ಮಾತು ಎತ್ತಬಹುದು. ಒಂದು ತಪ್ಪಿದರೂ ಮುಂದಿನ ಭಾಗವನ್ನು ಸುಮ್ನೆ ತಿಳಿವಳಿಕೆಗೆ ಅಂತ ಓದಿ.

ಬುಡದಿಂದ ಉರುಳಿಸುವುದು

ಕಡಿಮೆ ಖರ್ಚು, ಕಡಿಮೆ ಸಮಯ. ಸರಿಯಾಗಿ ಆದರೆ ಅರ್ಧ ಗಂಟೆಯ ಕೆಲಸ. ಎಲ್ಲ ನಿಂತಿರುವುದು ಕಾಂಡದೊಳಗೆ ಕುಯ್ಯದೆ ಬಿಡುವ ಒಂದು ಪಟ್ಟಿಯ ಮೇಲೆ.

ಮರ ಬೀಳಬೇಕಾದ ಕಡೆಯಿಂದ ಮೊದಲು ಬಾಯಿ ತೆರೆದಂಥ ಕಚ್ಚು ಹಾಕುತ್ತಾರೆ. ಆಳ ಕಾಂಡದ ದಪ್ಪದ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗ, ಬಾಯಿಯ ಕೋನ ಸುಮಾರು 70 ಡಿಗ್ರಿ. ಆಮೇಲೆ ಹಿಂದಿನಿಂದ ಕುಯ್ಯುತ್ತಾ ಬಂದು, ಕಚ್ಚಿಗೆ ತಲುಪುವ ಮೊದಲೇ ನಿಲ್ಲಿಸುತ್ತಾರೆ. ನಡುವೆ ಉಳಿದ ಪಟ್ಟಿಯೇ ಕೀಲು. ಅದರ ದಪ್ಪ ಕಾಂಡದ ದಪ್ಪದ ಹತ್ತನೇ ಒಂದು ಭಾಗ. ಅಂದರೆ 30 ಇಂಚಿನ ಓಕ್‌ಗೆ 3 ಇಂಚು. ಮರ ಬೀಳುವಾಗ ಅದನ್ನು ದಾರಿಯಲ್ಲಿ ಹಿಡಿದು ನಡೆಸುವುದು ಈ 3 ಇಂಚು ಮಾತ್ರ. ಒಂದು ಕಡೆ ತೆಳುವಾದರೆ ಮರ ಇನ್ನೊಂದು ಕಡೆ ತಿರುಗುತ್ತದೆ. ಪೂರ್ತಿ ಕುಯ್ದುಬಿಟ್ಟರೆ ಎಲ್ಲಿಗೆ ಬೀಳಬೇಕು ಅಂತ ಮರವೇ ತೀರ್ಮಾನಿಸುತ್ತದೆ. ಒಳಗೆ ಕೊಳೆತಿದ್ದರೆ ಕೀಲೇ ಇಲ್ಲ. ಪೊಟರೆ ಮರವನ್ನು ಬುಡದಿಂದ ಉರುಳಿಸುವುದು ಅದಕ್ಕೇ ಜೂಜು.

ಓಕ್‌ನಲ್ಲಿ ಇನ್ನೊಂದು ಕೆಟ್ಟ ಗುಣವಿದೆ. ಮುಂದಕ್ಕೆ ಜೋರಾಗಿ ವಾಲಿದ ಮರವನ್ನು ಹಿಂದಿನಿಂದ ಮಾಮೂಲಾಗಿ ಕುಯ್ಯುತ್ತಾ ಹೋದರೆ, ಕೀಲಿನವರೆಗೆ ಬರುವ ಮೊದಲೇ ಕಾಂಡ ಉದ್ದಕ್ಕೆ ಸೀಳಿಬಿಡಬಹುದು. ಸೀಳಿದ ಹಿಂಭಾಗ ಮೇಲಕ್ಕೆ ಚಿಮ್ಮಿ ನಿಂತವನ ಎದೆಗೋ ಮುಖಕ್ಕೋ ಬಡಿಯುತ್ತದೆ. ಓಡಲು ಸಮಯವೇ ಇರುವುದಿಲ್ಲ. ಇದನ್ನು ತಪ್ಪಿಸಲು ಅನುಭವಸ್ಥರು ಗರಗಸದ ತುದಿಯನ್ನು ಕಾಂಡದೊಳಗೆ ಚುಚ್ಚಿ ಒಳಗಿನಿಂದ ಕೀಲು ಕೂರಿಸುತ್ತಾರೆ. ಹಿಂದೆ ಸ್ವಲ್ಪ ಮರವನ್ನು ಬೀಗದ ಹಾಗೆ ಉಳಿಸಿಕೊಂಡು ಕೊನೆಗೆ ಅದನ್ನು ಬಿಡಿಸುತ್ತಾರೆ. ಹೀಗೆ ಚುಚ್ಚುವಾಗ ಬಾರ್‌ನ (ಚೈನ್ ಸುತ್ತುವ ಉದ್ದ ಪಟ್ಟಿಯ) ಮೇಲಿನ ಮೂಲೆ ಮೊದಲು ತಾಗಿದರೆ ಗರಗಸ ನಿಮ್ಮ ಕಡೆಗೇ ಒದೆಯುತ್ತದೆ. ವಿಡಿಯೋ ನೋಡಿ ಕಲಿಯುವ ವಿದ್ಯೆ ಇದಲ್ಲ.

ಮನೆ ಬಳಕೆಯ ಗರಗಸಕ್ಕೆ 16-18 ಇಂಚಿನ ಬಾರ್ ಇರುತ್ತದೆ. 30 ಇಂಚಿನ ಕಾಂಡವನ್ನು ಅದರಲ್ಲಿ ಎರಡೂ ಕಡೆಯಿಂದ ಕುಯ್ಯಬೇಕು. ಎರಡು ಸೀಳು ಒಂದೇ ಮಟ್ಟಕ್ಕೆ ಸೇರಬೇಕು, ಕೀಲು ಹಾಳಾಗಬಾರದು. ಗರಗಸವನ್ನೇ ನಂಬಿ ಧೈರ್ಯ ಮಾಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

"ಹಗ್ಗ ಕಟ್ಟಿ ಪಿಕಪ್ ಟ್ರಕ್‌ನಲ್ಲಿ ಎಳೆದರೆ?" ಈ ಪ್ರಶ್ನೆ ಬಂದೇ ಬರುತ್ತದೆ. ಹಸಿ ಓಕ್ ಒಂದು ಘನ ಅಡಿಗೆ 28 ಕೆ.ಜಿ. ಆಸುಪಾಸು ತೂಗುತ್ತದೆ. ಇಡೀ ಮರ ಹಲವು ಟನ್. ನಿಮ್ಮ ಟ್ರಕ್ ಎರಡು, ಎರಡೂವರೆ ಟನ್. ಮರ ಮನಸ್ಸು ಬದಲಾಯಿಸಿದರೆ ಯಾರು ಯಾರನ್ನು ಎಳೆಯುತ್ತಾರೆ ಹೇಳಿ. ಬೆಣೆ ಹೊಡೆದು ಸ್ವಲ್ಪ ಹಿಂದಕ್ಕೆ ವಾಲಿದ ಮರವನ್ನು ಎತ್ತಬಹುದು, ನಿಜ. ಸ್ವಲ್ಪ ಅಂದರೆ ಸ್ವಲ್ಪವೇ.

ಏಣಿ ಹತ್ತಿ ಚೈನ್‌ಸಾ ಹಿಡಿಯುವ ಯೋಚನೆ ಇದ್ದರೆ ಬಿಡಿ. ಕುಯ್ದ ಕೊಂಬೆ ಕೆಳಗೆ ಬೀಳುವ ಬದಲು ತೂಗಿ ಬಂದು ಏಣಿಗೆ ಹೊಡೆಯುತ್ತದೆ. ಭಾರ ಇಳಿದ ಕೂಡಲೇ ಏಣಿ ಒರಗಿದ ಕೊಂಬೆ ಮೇಲಕ್ಕೆ ಎದ್ದು ಏಣಿ ಜಾರುತ್ತದೆ. ಎರಡರಲ್ಲಿ ಒಂದು ಆಗುತ್ತದೆ, ಕೈಯಲ್ಲಿ ಓಡುತ್ತಿರುವ ಗರಗಸ ಬೇರೆ.

ಅಮೆರಿಕದ ಕಾರ್ಮಿಕ ಇಲಾಖೆಯ ಲೆಕ್ಕದಲ್ಲಿ ಮರ ಕಡಿಯುವುದು ಅತಿ ಹೆಚ್ಚು ಜೀವ ತೆಗೆಯುವ ಕೆಲಸಗಳ ಸಾಲಿನಲ್ಲಿ ವರ್ಷವರ್ಷವೂ ಮೇಲೆಯೇ ಇರುತ್ತದೆ. ಅದು ದಿನಾ ಅದೇ ಕೆಲಸ ಮಾಡುವವರ ಲೆಕ್ಕ. ಬಯಲಲ್ಲಿ ನಿಂತ, ಬಾರ್‌ಗಿಂತ ತೆಳು ಕಾಂಡದ, ಏನನ್ನೂ ಮುಟ್ಟದ ಮರವಾದರೆ ನೀವೇ ಮಾಡಬಹುದು. ಆಗಲೂ ಹೆಲ್ಮೆಟ್, ಮುಖದ ಜಾಲರಿ, ಕಿವಿಗೆ ಮಫ್, ಕಾಲಿಗೆ ಚಾಪ್ಸ್ (ಗರಗಸದಿಂದ ಕಾಲು ಕಾಯುವ ದಪ್ಪ ಹೊದಿಕೆ) ಬೇಕು. ಬೀಳುವ ದಿಕ್ಕಿಗೆ ವಿರುದ್ಧವಾಗಿ ಓರೆಯಲ್ಲಿ ಓಡಿಹೋಗಲು ಮೊದಲೇ ದಾರಿ ಸ್ವಚ್ಛ ಮಾಡಿಕೊಂಡಿರಬೇಕು. ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಬಾರದು. ಆದರೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರು ಇರಲೇಬೇಕು. ಮನೆಯನ್ನು ಮುಟ್ಟಬಲ್ಲ ದೊಡ್ಡ ಓಕ್‌ಗೆ ಮಾತ್ರ ನನ್ನ ಉತ್ತರ ಒಂದೇ. ನೀವೇ ಮಾಡಬೇಡಿ.

ತುಂಡು ತುಂಡಾಗಿ: ಹಗ್ಗವೋ, ಲಿಫ್ಟೋ, ಕ್ರೇನೋ

ಈ ವಿಧಾನಗಳಲ್ಲಿ ಯಾವುದು ಅಂತ ನಿಜವಾಗಿ ಆರಿಸುವುದು ಮರ ತೆಗೆಯುವವರೇ. ಆದರೆ ಮೂರು ಕೊಟೇಶನ್ ಬಂದಾಗ ಒಂದು 2,200, ಇನ್ನೊಂದು 4,500 ಯಾಕೆ ಅನ್ನುವುದು ಇದರಿಂದಲೇ ಅರ್ಥವಾಗುತ್ತದೆ.

ಹಗ್ಗದವರು ಮರ ಹತ್ತಿ ಮೇಲಿನಿಂದ ಕುಯ್ಯುತ್ತಾ ಬರುತ್ತಾರೆ. ಛಾವಣಿಯ ಮೇಲಿನ ಕೊಂಬೆಯನ್ನು ಮೊದಲು ಹಗ್ಗಕ್ಕೆ ಕಟ್ಟುತ್ತಾರೆ. ಕುಯ್ದ ಮೇಲೆ ಕೆಳಗಿದ್ದವನು ಬುಡಕ್ಕೆ ಕಟ್ಟಿದ ಉಪಕರಣದಲ್ಲಿ ಹಗ್ಗ ಸುತ್ತಿ, ಬಿಗಿ ಸಡಿಲಿಸುತ್ತಾ ನಿಧಾನವಾಗಿ ಇಳಿಸುತ್ತಾನೆ. ಗೇಟು ಕಿರಿದಾಗಿದ್ದರೂ ನಡೆಯುತ್ತದೆ, ಹುಲ್ಲು ಹಾಳಾಗುವುದಿಲ್ಲ. ಮೇಲಿರುವವನಷ್ಟೇ ಕೆಳಗಿರುವವನೂ ನುರಿತವನಾಗಿರಬೇಕು. ಇಬ್ಬರೂ ಕೂಗಾಡದೆ, ಒಂದೆರಡು ಮಾತಿನಲ್ಲಿ ಕೆಲಸ ನಡೆಸುತ್ತಿದ್ದರೆ ಒಳ್ಳೆ ತಂಡ ಅಂತ ಲೆಕ್ಕ. ಒಂದೇ ತೊಂದರೆ, ಇಳಿಸುವ ಭಾರವೆಲ್ಲ ಅದೇ ಮರದ ಮೇಲೆ ಬೀಳುತ್ತದೆ. ಸತ್ತ ಮರ, ಕೊಳೆತ ಮರ ಹತ್ತಲು ಯೋಗ್ಯವಲ್ಲ. "ಏನಾಗಲ್ಲ, ಹತ್ತುತ್ತೇವೆ" ಅಂದರೆ ಅವರ ಧೈರ್ಯಕ್ಕೆ ಮೆಚ್ಚಬೇಡಿ.

ಬಕೆಟ್ ಲಿಫ್ಟ್ ಇದ್ದರೆ ಮರ ಹತ್ತಬೇಕಾಗಿಲ್ಲ. ಆದರೆ ಟ್ರಕ್ ಮರದ ಹತ್ತಿರ ಬರಬೇಕು. ಮುಂಬಾಗಿಲ ಕಡೆಯ ಮರವಾದರೆ ಸಲೀಸು. ಹಿತ್ತಿಲಿಗೆ ಚೈನ್ ಗಾಲಿಯ ಸಣ್ಣ ಸ್ಪೈಡರ್ ಲಿಫ್ಟ್ ಬರುತ್ತದೆ, ಗೇಟಿನೊಳಗೇ ನುಸುಳಿ ಹೋಗಿ ಕಾಲು ಚಾಚಿ ನಿಲ್ಲುತ್ತದೆ. ಸತ್ತ ಓಕ್‌ಗೆ ಇದು ಒಳ್ಳೆಯದು.

ಕ್ರೇನ್ ಬೆಲೆ ಕೇಳಿದರೆ ಗಾಬರಿಯಾಗುತ್ತದೆ. ಗಂಟೆಗಳ ಲೆಕ್ಕ ಹಾಕಿದರೆ ಅಷ್ಟು ಆಗುವುದಿಲ್ಲ. ಹಗ್ಗದವರಿಗೆ ಎರಡು ದಿನ ಹಿಡಿಯುವ ಮರ ಕ್ರೇನ್‌ಗೆ ಎಷ್ಟೋ ಸಲ ಅರ್ಧ ದಿನ. ತುಂಡನ್ನು ಮೊದಲೇ ಕೊಕ್ಕೆಗೆ ಕಟ್ಟಿ, ಕುಯ್ದು, ಎತ್ತಿ, ಮನೆಯ ಮೇಲಿಂದಲೇ ದಾಟಿಸಿ ರಸ್ತೆ ಬದಿಯಲ್ಲಿ ಇಡುತ್ತಾರೆ. ಸಂಶಯದ ಕಾಂಡಕ್ಕೆ ಭಾರ ಕೊಡುವುದೇ ಇಲ್ಲ. ಛಾವಣಿಯ ಮೇಲೆ ಪೂರ್ತಿ ಒರಗಿಕೊಂಡು ಬೆಳೆದ, ಬುಡದಲ್ಲಿ ಅಣಬೆ ಇರುವ ಓಕ್‌ಗೆ ನಾನಾದರೆ ಕ್ರೇನ್ ಬಿಟ್ಟು ಬೇರೆ ಕೇಳುವುದಿಲ್ಲ. ಕ್ರೇನ್ ನಿಲ್ಲಲು ಗಟ್ಟಿ ಜಾಗ ಬೇಕು. ಡ್ರೈವ್‌ವೇ ಬಿರುಕು ಬಿಟ್ಟರೆ ಯಾರ ಜವಾಬ್ದಾರಿ, ಕಾಲಿನ ಕೆಳಗೆ ಹಲಗೆ ಹಾಕುತ್ತೀರಾ, ಇಷ್ಟನ್ನು ಕಾಗದದಲ್ಲೇ ಬರೆಸಿಕೊಳ್ಳಿ. ಸೆಪ್ಟಿಕ್ ಟ್ಯಾಂಕು ಎಲ್ಲಿದೆ ಅಂತ ನೀವೇ ತೋರಿಸಿ.

ಕರೆಂಟ್ ತಂತಿ ಹತ್ತಿರವಿದ್ದರೆ ಯಾವ ವಿಧಾನವಾದರೂ ಮೊದಲ ಫೋನ್ ವಿದ್ಯುತ್ ಕಂಪನಿಗೆ. ತಂತಿಯಿಂದ 10 ಅಡಿ ಒಳಗಿನ ಕೆಲಸ ಅದಕ್ಕೆಂದೇ ತರಬೇತಿ ಪಡೆದವರದ್ದು. ಕಂಬದಿಂದ ಮನೆಗೆ ಬರುವ ತಂತಿಯನ್ನು ಆ ದಿನದ ಮಟ್ಟಿಗೆ ಇಳಿಸಿಕೊಡುತ್ತಾರಾ ಅಂತ ಕೇಳಿ ನೋಡಿ.

ಅರ್ಧ ಅವರಿಗೆ, ಅರ್ಧ ನಿಮಗೆ

ನನಗೆ ಹೆಚ್ಚು ಸರಿ ಕಾಣುವುದು ಇದು. ಮರ ನೆಲಕ್ಕೆ ಬರುವವರೆಗಿನ ಕೆಲಸ ಅವರದ್ದು. ಆಮೇಲಿನದು ನಿಮ್ಮದು. ಕೊಟೇಶನ್ ಕೇಳುವಾಗಲೇ "ಇಳಿಸಿ, ಅಲ್ಲೇ ಬಿಟ್ಟು ಹೋದರೆ ಎಷ್ಟು? ಎಲ್ಲ ಸಾಗಿಸಿದರೆ ಎಷ್ಟು?" ಅಂತ ಎರಡು ಬೆಲೆ ಕೇಳಿ. ಸಾಗಿಸುವುದು, ವಿಲೇವಾರಿ ಮಾಡುವುದು ಅವರಿಗೂ ದೊಡ್ಡ ಖರ್ಚು. ವ್ಯತ್ಯಾಸ ಚೆನ್ನಾಗಿಯೇ ಇರುತ್ತದೆ.

ಆದರೆ ಎಲ್ಲವನ್ನೂ ಬಿಟ್ಟು ಹೋಗಿ ಅನ್ನಬೇಡಿ. ರೆಂಬೆ, ಎಲೆ ಎಲ್ಲ ಅವರ ಚಿಪ್ಪರ್‌ಗೇ ಹೋಗಲಿ. ಒಂದು ದೊಡ್ಡ ಓಕ್‌ನ ಸೊಪ್ಪು ಸದೆ ನೆಲದ ಮೇಲೆ ಬಿದ್ದಾಗಲೇ ಅದೆಷ್ಟು ಅಂತ ಗೊತ್ತಾಗುವುದು. ಹಿತ್ತಿಲೇ ಕಾಣುವುದಿಲ್ಲ. ಪುರಸಭೆಯವರು ಕಟ್ಟು ಕಟ್ಟಿಟ್ಟದ್ದನ್ನು ಮಾತ್ರ ಒಯ್ಯುತ್ತಾರೆ ಅಂದರೆ ತಿಂಗಳುಗಟ್ಟಲೆ ಅದೇ ಕೆಲಸ. ಚಿಪ್ಪರ್‌ನಿಂದ ಬರುವ ಚೂರು ಬೇಕಿದ್ದರೆ ಇಲ್ಲೇ ಸುರಿಯಿರಿ ಅನ್ನಿ. ಗಿಡದ ಬುಡಕ್ಕೆ ಮುಚ್ಚಿಗೆಯಾಗಿ ವರ್ಷಗಟ್ಟಲೆ ಬರುತ್ತದೆ, ಪುಕ್ಕಟೆ.

ಕಾಂಡ, ದಪ್ಪ ಕೊಂಬೆ ನೀವು ಇಟ್ಟುಕೊಳ್ಳಿ. ಅದನ್ನೂ 16 ಇಂಚಿನ ತುಂಡು ಮಾಡಿಕೊಡುತ್ತೀರಾ ಅಂತ ಕೇಳಿ. ಅವರ ದೊಡ್ಡ ಗರಗಸಕ್ಕೆ ಅದು ಸಣ್ಣ ಕೆಲಸ. 2 ಅಡಿ ದಪ್ಪದ, 16 ಇಂಚು ಉದ್ದದ ಒಂದು ಹಸಿ ತುಂಡೇ ಸುಮಾರು 118 ಕೆ.ಜಿ. ಎತ್ತುವ ಮಾತು ದೂರ, ಉರುಳಿಸಿದರೆ ಸಾಕು. ಅಲ್ಲೇ ಸೀಳಿ. ಕೆಂಪು ಓಕ್ ಸೀಳಲು ಸುಲಭ.

ಮರ ನೆಲದ ಮೇಲೆ ಇದೆ ಅಂತ ಚೈನ್‌ಸಾ ಸಾಧು ಆಗುವುದಿಲ್ಲ. ಎರಡು ಕಡೆ ಆನಿಕೊಂಡು ನಡುವೆ ತೂಗುವ ದಿಮ್ಮಿಯನ್ನು ಮೇಲಿಂದ ಪೂರ್ತಿ ಕುಯ್ದರೆ ಬಾರ್ ಕಚ್ಚಿಕೊಳ್ಳುತ್ತದೆ. ಬಾಗಿ ಸಿಕ್ಕಿಕೊಂಡ ಸಣ್ಣ ಗಿಡ ಕುಯ್ದ ಕೂಡಲೇ ಚಾಟಿಯಂತೆ ಬೀಸುತ್ತದೆ. ಇಳಿಜಾರಿನಲ್ಲಿ ದಿಮ್ಮಿಯ ಮೇಲಿನ ಬದಿಯಲ್ಲೇ ನಿಲ್ಲಿ. ಹೆದರಿಕೆ ಬೇಡ, ಆತುರ ಬೇಡ. ಇಲ್ಲಿ ತಪ್ಪಾದರೆ ಎಷ್ಟೋ ಸಲ ಚೈನ್ ಮೊಂಡಾಗುವುದೋ ಬಾರ್ ಸಿಕ್ಕಿಕೊಳ್ಳುವುದೋ ಆಗುತ್ತದೆ, ಆದರೂ ಪೆಟ್ಟಾಗಬಹುದು, ಚಾಪ್ಸ್ ಹಾಕಿಕೊಂಡೇ ಇರಿ. ಛಾವಣಿಯಂತೂ ಹೋಗುವುದಿಲ್ಲ.

ಮನೆಯಲ್ಲಿ ಸೌದೆ ಒಲೆ ಇಲ್ಲ, ಗ್ಯಾಸಿನ ಬೆಂಕಿಗೂಡು ಮಾತ್ರ ಅಂದರೆ ಈ ಲೆಕ್ಕವೇ ಬೇರೆ. ಓಕ್ ಒಣಗಲು ಒಂದು ವರ್ಷ ಸಾಲದು, ಎರಡು ಬೇಕಾಗಬಹುದು. ಅಷ್ಟು ಕಾಲ ಒಟ್ಟಿ ಇಡಲು ಜಾಗ ಬೇಕು. ಇಲ್ಲಿ ಸೌದೆ ಅಳೆಯುವುದು ಕಾರ್ಡ್ ಲೆಕ್ಕದಲ್ಲಿ, 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟು. ದೊಡ್ಡ ಓಕ್ ಒಂದರಿಂದಲೇ ಒಂದಕ್ಕಿಂತ ಹೆಚ್ಚು ಕಾರ್ಡ್ ಬರುತ್ತದೆ. ಬೇಡವಾದರೆ "ಪುಕ್ಕಟೆ ಓಕ್ ಸೌದೆ" ಅಂತ ಬೋರ್ಡ್ ಹಾಕಿ. ಟ್ರಕ್ ತೆಗೆದುಕೊಂಡು ಬರುವವರು ಬರುತ್ತಾರೆ. ಹಲಗೆ ಮಾಡಿಸಿ ಊಟದ ಮೇಜು ಮಾಡಿಸುವ ಆಸೆಯಿದ್ದರೆ ಗಾಡಿಯಲ್ಲಿ ಬರುವ ಸಾಮಿಲ್‌ನವರನ್ನು ಹುಡುಕಬೇಕು. ದೊಡ್ಡ ಮಿಲ್‌ಗಳು ಮನೆ ಅಂಗಳದ ಮರ ಮುಟ್ಟಲು ಹಿಂಜರಿಯುತ್ತವೆ. ಯಾವ ಕಾಲದಲ್ಲೋ ಬಟ್ಟೆ ಹಗ್ಗಕ್ಕೆ ಹೊಡೆದ ಮೊಳೆ ಒಳಗೆ ಕೂತಿರುತ್ತದೆ.

ತಿಂಗಳು, ಪರವಾನಗಿ, ವಿಮೆ

ಓಕ್‌ಗೆ ತಿಂಗಳು ನೋಡಬೇಕು. ಓಕ್ ವಿಲ್ಟ್ ಅನ್ನುವ ಶಿಲೀಂಧ್ರ ರೋಗ ಹೊಸ ಗಾಯದ ರಸಕ್ಕೆ ಬರುವ ಪುಟ್ಟ ಜೀರುಂಡೆಗಳಿಂದ ಹರಡುತ್ತದೆ. ಪಕ್ಕದ ಮರಗಳಿಗೆ ಬೇರಿನ ಮೂಲಕವೂ ದಾಟುತ್ತದೆ. ಕೆಂಪು ಓಕ್ ಗುಂಪಿನ ಮರ ಕೆಲವೇ ವಾರಗಳಲ್ಲಿ ಸಾಯಬಹುದು. ಬಿಳಿ ಓಕ್ ಹೆಚ್ಚು ತಡೆಯುತ್ತದೆ. ಎಲೆಯ ಅಂಚು ಚೂಪಾಗಿ ತುದಿಯಲ್ಲಿ ಕೂದಲಿನಂಥ ಮುಳ್ಳಿದ್ದರೆ ಕೆಂಪು, ದುಂಡಗಿದ್ದರೆ ಬಿಳಿ. ಟೆಕ್ಸಸ್‌ನಲ್ಲಿ ಫೆಬ್ರವರಿಯಿಂದ ಜೂನ್‌ವರೆಗೆ, ಮಿನ್ನೆಸೋಟ ಕಡೆ ಏಪ್ರಿಲ್‌ನಿಂದ ಜುಲೈವರೆಗೆ ಓಕ್‌ಗೆ ಗರಗಸ ಹಾಕಬೇಡಿ ಅನ್ನುತ್ತಾರೆ. ಬಿರುಗಾಳಿಗೆ ಮುರಿದು ಆ ತಿಂಗಳಲ್ಲೇ ಕುಯ್ಯಬೇಕಾಗಿ ಬಂದರೆ ಗಾಯಕ್ಕೂ ಮೋಟಿಗೂ ಕೂಡಲೇ ಬಣ್ಣ ಬಳಿಯಿರಿ. ರೋಗಕ್ಕೆ ಸತ್ತ ಓಕ್‌ನ ಸೌದೆಯನ್ನು ಬೇರೆ ಊರಿಗೆ ಒಯ್ಯಬೇಡಿ. ಇವೆಲ್ಲ ನೋಡಿದರೆ ಚಳಿಗಾಲವೇ ಸೂಕ್ತ. ಮರ ಕಡಿಯುವವರಿಗೂ ಆಗ ಕೆಲಸ ಕಡಿಮೆ, ಚೌಕಾಸಿಗೆ ಬಗ್ಗುತ್ತಾರೆ.

ನಿಮ್ಮ ಜಾಗದ ಮರವಾದರೂ ಪರವಾನಗಿ ಬೇಕಾಗಬಹುದು. ಅಟ್ಲಾಂಟಾದಲ್ಲಿ 6 ಇಂಚು ದಪ್ಪದ ಓಕ್‌ಗೂ ಬೇಕು. ಆಸ್ಟಿನ್‌ನಲ್ಲಿ 19 ಇಂಚು ಮುಟ್ಟಿದರೆ ಪರವಾನಗಿ, ಓಕ್‌ನಂಥ ಕೆಲವು ಜಾತಿಗಳು 24 ಇಂಚು ಮುಟ್ಟಿದರೆ ನಿಯಮ ಇನ್ನೂ ಬಿಗಿ. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಇದ್ದರೆ ಅವರ ನಿಯಮ ಬೇರೆ. ನಮ್ಮ ಕರ್ನಾಟಕದಲ್ಲೂ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು, ಅಲ್ವಾ? ಸಿಲ್ವರ್ ಓಕ್‌ಗೆ ಅದರಲ್ಲಿ ವಿನಾಯಿತಿ ಇದೆ. ಮಾವನವರಿಗೆ ಅದೂ ಸಲೀಸಾಗಿ ಕಂಡಿರುವುದು ಇದೇ ಕಾರಣಕ್ಕೆ.

ಕೊಟೇಶನ್‌ಗಳಲ್ಲಿ ಅತಿ ಕಡಿಮೆ ಬೆಲೆ ಬಂದರೆ ಮೊದಲು ವಿಮೆ ಕೇಳಿ. ಎರಡು ಬೇಕು. ನಿಮ್ಮ ಆಸ್ತಿಗೆ ಹಾನಿಯಾದರೆ ಕೊಡುವ ಲಯಬಿಲಿಟಿ ವಿಮೆ, ಕೆಲಸಗಾರನಿಗೆ ಪೆಟ್ಟಾದರೆ ಕೊಡುವ ವರ್ಕರ್ಸ್ ಕಾಂಪ್. ಎರಡನೆಯದು ಇಲ್ಲದಿದ್ದರೆ ಗಾಯಗೊಂಡವನು ನಿಮ್ಮ ಮೇಲೆ ಬರಬಹುದು. ಸರ್ಟಿಫಿಕೇಟನ್ನು ಅವರ ಕೈಯಿಂದ ತಗೊಳ್ಳಬೇಡಿ. ವಿಮಾ ಏಜೆಂಟ್ ಕಡೆಯಿಂದ ನೇರವಾಗಿ ನಿಮಗೆ ಬರಲಿ. ನಿಮ್ಮ ಮನೆ ವಿಮೆ ಸಾಮಾನ್ಯವಾಗಿ ಗಾಳಿಗೆ ಬಿದ್ದು ಮನೆಗೆ ಆದ ಹಾನಿಗೆ ಕೊಡುತ್ತದೆ. ನಿಂತ ಮರ ತೆಗೆಸಲು ಕೊಡುವುದಿಲ್ಲ. "ಅಪಾಯ ಇದೆ" ಅಂತ ಆರ್ಬರಿಸ್ಟ್ ಬರೆದುಕೊಟ್ಟ ಮೇಲೂ ಸುಮ್ನಿದ್ದು, ಆಮೇಲೆ ಮರ ಬಿದ್ದರೆ ತಕರಾರು ತೆಗೆಯಬಹುದು. ಬಿರುಗಾಳಿಯ ಮಾರನೇ ದಿನ ಬಾಗಿಲು ತಟ್ಟಿ "ಇವತ್ತೇ ಅಡ್ವಾನ್ಸ್ ಕೊಟ್ಟರೆ ಅರ್ಧ ಬೆಲೆ" ಅನ್ನುವವರಿಗೆ ನೀರು ಕೊಟ್ಟು ಕಳಿಸಿ.

ಮೋಟು

ಬಹಳಷ್ಟು ಕೊಟೇಶನ್‌ಗಳಲ್ಲಿ ಮೋಟು ಸೇರಿರುವುದಿಲ್ಲ. ಕೆಲಸ ಮುಗಿದ ಮೇಲೆ ನೆಲದಿಂದ ಒಂದು ಅಡಿ ಮೇಲೆ ನಿಂತ ಮೋಟು ನೋಡಿ ಜಗಳಕ್ಕೆ ಇಳಿದರೆ ಪ್ರಯೋಜನವಿಲ್ಲ. ಮಿಷನ್‌ನಲ್ಲಿ ಮೋಟು ಅರೆದು ತೆಗೆಯುವುದನ್ನೂ ಮೊದಲೇ ಸೇರಿಸಿ ಕೇಳಿ. ಮಿಷನ್ ಒಮ್ಮೆ ಬಂದಾಗಲೇ ಮಾಡಿಸಿದರೆ ಅಗ್ಗ. ಅರೆಯುವ ಮುಂಚೆ ನೆಲದಡಿಯ ಗ್ಯಾಸ್, ಕೇಬಲ್ ಗುರುತು ಹಾಕಲು ಕೆಲವು ದಿನ ಮೊದಲೇ 811ಕ್ಕೆ ಫೋನ್ ಆಗಿರಬೇಕು, ಇದು ಪುಕ್ಕಟೆ ಸೇವೆ. ಅರೆದ ಪುಡಿಯನ್ನು ಹಳ್ಳದಲ್ಲೇ ತುಂಬಿ ಅದರ ಮೇಲೆ ಹುಲ್ಲು ಬಿತ್ತಿದರೆ ಹಳದಿ ಬಣ್ಣಕ್ಕೆ ತಿರುಗುತ್ತದೆ, ಮರದ ಪುಡಿ ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ. ಪುಡಿ ಬಾಚಿ ತೆಗೆದು ಮಣ್ಣು ತುಂಬಿಸಿ. ಒಳಗಿನ ಬೇರು ಕೊಳೆಯುತ್ತಾ ಹೋದಂತೆ ನೆಲ ಕುಸಿಯುತ್ತದೆ. ಅದಕ್ಕೆ ಒಂದೆರಡು ಚೀಲ ಮಣ್ಣು ಜಾಸ್ತಿಯೇ ತಂದಿಟ್ಟುಕೊಳ್ಳಿ.